ಹಾರಬಹುದೇ, ಬೇಡವೇ: ಸಣ್ಣ ವಿಮಾನದ ಪೈಲಟ್‌ಗೆ ಹವಾಮಾನದ ಲೆಕ್ಕ

ಲೈಸೆನ್ಸ್ ಕೈಗೆ ಬಂದ ಮೊದಲ ವರ್ಷದಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಮೆಟಾರ್ (ನಿಲ್ದಾಣದ ಈಗಿನ ಹವೆಯ ವರದಿ) ಓದಲು ಬರುತ್ತದೆ, ಟಾಫ್ (ನಿಲ್ದಾಣದ ಮುನ್ಸೂಚನೆ) ಓದಲು ಬರುತ್ತದೆ. ಆದರೂ ಹೊರಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಹೇಗೆ?" ಆಕಾಶ ಕಪ್ಪಿಟ್ಟು ಗುಡುಗುತ್ತಿರುವ ದಿನ ಈ ಪ್ರಶ್ನೆ ಏಳುವುದೇ ಇಲ್ಲ, ಎಲ್ಲರೂ ಹ್ಯಾಂಗರ್‌ನಲ್ಲೇ ಕೂರುತ್ತಾರೆ. ತೊಂದರೆ ಕೊಡುವುದು 'ಪರವಾಗಿಲ್ಲ' ಅನ್ನಿಸುವ ದಿನ. ಮೋಡ ಸ್ವಲ್ಪ ಕೆಳಗಿದೆ, ದೂರ ಸ್ವಲ್ಪ ಮಸುಕು, ಮಧ್ಯಾಹ್ನಕ್ಕೆ ತಿಳಿಯಾದೀತು ಅನ್ನುತ್ತದೆ ಮುನ್ಸೂಚನೆ. ಈ ಬರಹ ಅಂಥ ದಿನಕ್ಕಾಗಿ.

ಒಂದೇ ಎಂಜಿನ್‌ನ ವಿಮಾನವನ್ನು ವಿಎಫ್‌ಆರ್‌ನಲ್ಲಿ, ಅಂದರೆ ನೆಲ ಮತ್ತು ದಿಗಂತವನ್ನು ಕಣ್ಣಾರೆ ನೋಡಿಕೊಂಡು ಹಾರಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ನಿಮ್ಮ ದೇಶದ ನಿಯಮ ಅಥವಾ ನಿಮ್ಮ ವಿಮಾನದ ಕೈಪಿಡಿ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಿ.

ಬೇಕಾಗುವುದು ಇಷ್ಟೇ: ಹೊರಡುವ, ಇಳಿಯುವ ಮತ್ತು ಒಂದು ಪರ್ಯಾಯ ನಿಲ್ದಾಣದ ಮೆಟಾರ್ ಹಾಗೂ ಟಾಫ್, ದಾರಿಯ ಸಿಗ್ಮೆಟ್ (ಅಪಾಯದ ಹವೆಯ ಎಚ್ಚರಿಕೆ), ಗುಡ್ಡಗಳ ಎತ್ತರ ತೋರಿಸುವ ನಕ್ಷೆ, ವಿಮಾನದ ಕೈಪಿಡಿ, ಸ್ಟಾಪ್‌ವಾಚ್, ಪೆನ್ಸಿಲ್.

1. ಮನೆಯಲ್ಲಿ ಕೂತಾಗಲೇ ನಿಮ್ಮ ಗೆರೆ ಬರೆದಿಡಿ

ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದಂತೆ 10,000 ಅಡಿಗಿಂತ ಕೆಳಗೆ ವಿಎಫ್‌ಆರ್ ಹಾರಾಟಕ್ಕೆ 5 ಕಿ.ಮೀ. ಗೋಚರತೆ ಇರಬೇಕು, ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲೆ ಕೆಳಗೆ 1,000 ಅಡಿ ದೂರ ಇರಬೇಕು. ನೆಲಕ್ಕೆ ಹತ್ತಿರದ ನಿಯಂತ್ರಣವಿಲ್ಲದ ವಾಯುಪ್ರದೇಶದಲ್ಲಿ ಇನ್ನಷ್ಟು ಸಡಿಲಿಕೆ ಇದೆ. ಇದು ಕಾನೂನಿನ ಕನಿಷ್ಠ ಮಾತ್ರ. 110 ನಾಟ್ (ಗಂಟೆಗೆ ಸುಮಾರು 204 ಕಿ.ಮೀ.) ವೇಗದಲ್ಲಿ ಹೋಗುವವರಿಗೆ 5 ಕಿ.ಮೀ. ಅಂದರೆ ಒಂದೂವರೆ ನಿಮಿಷದ ದಾರಿ. ಮುಂದೆ ಗುಡ್ಡ ಕಂಡು, ಅದು ಗುಡ್ಡವೇ ಅಂತ ಖಚಿತವಾಗಿ, ಯಾವ ಕಡೆ ತಿರುಗಲಿ ಅಂತ ಯೋಚಿಸುವಷ್ಟರಲ್ಲಿ ಅರ್ಧ ಮುಗಿದಿರುತ್ತದೆ.

ಲೈಸೆನ್ಸ್ ಹೊಸದಾಗಿದ್ದರೆ ಇಲ್ಲಿಂದ ಶುರು ಮಾಡಿ: ಸೀಲಿಂಗ್ ನೆಲದಿಂದ 3,000 ಅಡಿ, ಗೋಚರತೆ 10 ಕಿ.ಮೀ., ಅಡ್ಡಗಾಳಿ ಕೈಪಿಡಿಯಲ್ಲಿ ಕೊಟ್ಟಿರುವುದರ ಅರ್ಧ, ಇಳಿದಾಗ ಟ್ಯಾಂಕ್‌ನಲ್ಲಿ ಒಂದು ಗಂಟೆಯ ಇಂಧನ. ಸೀಲಿಂಗ್ ಅಂದರೆ ಅರ್ಧಕ್ಕಿಂತ ಹೆಚ್ಚು ಆಕಾಶ ಮುಚ್ಚಿರುವ ಅತಿ ಕೆಳಗಿನ ಮೋಡದ ಪದರ. ಎರಡು ತಿಂಗಳು ಹಾರಿಲ್ಲವೇ? ವಿಮಾನ ಹೊಸದೇ? ನಿದ್ದೆ ಸರಿಯಾಗಿಲ್ಲವೇ? ಪ್ರತಿ ಕಾರಣಕ್ಕೂ ಗೆರೆಯನ್ನು ಒಂದಿಷ್ಟು ಮೇಲಕ್ಕೆ ಏರಿಸಿ. ಅನುಭವ ಹೆಚ್ಚಿದಂತೆ ಇಳಿಸಲೂಬಹುದು. ಆದರೆ ಬದಲಾಯಿಸುವುದು ನೆಲದ ಮೇಲೆ, ಹಿಂದಿನ ದಿನ. ಎಂಜಿನ್ ಓಡುತ್ತಿರುವಾಗ ಗೆರೆ ತಿದ್ದುವವನು ಗೆರೆ ಎಳೆದೇ ಇಲ್ಲ ಅಂತ ಲೆಕ್ಕ.

2. ಮೆಟಾರ್ ಓದಿ, ಆಮೇಲೆ ಕೂಡಿ ಕಳೆಯಿರಿ

ಮೆಟಾರ್ ಅಂದರೆ ನಿಲ್ದಾಣದಲ್ಲಿ ಈಗ ಇರುವ ಹವಾಮಾನ. ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಬರುತ್ತದೆ. ಒಂದು ಮಾದರಿ ನೋಡೋಣ: ಗಾಳಿ 240 ಡಿಗ್ರಿಯಿಂದ 12 ನಾಟ್, ಗಸ್ಟ್ (ಆಗಾಗ ರಭಸದಿಂದ ನುಗ್ಗುವ ಗಾಳಿ) 22, ಗೋಚರತೆ 6000 ಮೀಟರ್, ಎಸ್‌ಸಿಟಿ 018, ಬಿಕೆಎನ್ 030, 27/23, ಕ್ಯೂ 1008.

ಆಕಾಶವನ್ನು ಎಂಟು ಪಾಲು ಮಾಡಿ ಮೋಡ ಅಳೆಯುತ್ತಾರೆ. ಎಫ್‌ಇಡಬ್ಲ್ಯು ಅಂದರೆ 1–2 ಪಾಲು, ಎಸ್‌ಸಿಟಿ 3–4, ಬಿಕೆಎನ್ 5–7, ಒವಿಸಿ ಪೂರ್ತಿ 8. ಪಕ್ಕದ ಅಂಕಿ ಎತ್ತರ, ನೂರು ಅಡಿಗಳ ಲೆಕ್ಕದಲ್ಲಿ. ಹಾಗಾಗಿ ಇಲ್ಲಿ ಸೀಲಿಂಗ್ 3,000 ಅಡಿ. 1,800 ಅಡಿಯಲ್ಲಿ ಚದುರಿದ ಮೋಡ. ಕ್ಯೂ 1008 ಅಂದರೆ ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ, ಹೆಕ್ಟೋಪಾಸ್ಕಲ್‌ನಲ್ಲಿ. ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ ಇದನ್ನೇ ಕೂರಿಸಬೇಕು. ಒಂದು ಹೆಕ್ಟೋಪಾಸ್ಕಲ್ ತಪ್ಪಿದರೆ ಸುಮಾರು 30 ಅಡಿ ತಪ್ಪು. ಒತ್ತಡ ಕಡಿಮೆ ಇರುವ ಕಡೆಗೆ ಹೋಗುವಾಗ ತಿದ್ದದೇ ಬಿಟ್ಟರೆ, ಮೀಟರ್ ತೋರಿಸುವುದಕ್ಕಿಂತ ನೀವು ಕೆಳಗಿರುತ್ತೀರಿ.

ಈಗ 27/23 ನೋಡಿ. ಉಷ್ಣಾಂಶ 27, ಇಬ್ಬನಿ ಬಿಂದು 23; ಗಾಳಿ 23 ಡಿಗ್ರಿಗೆ ತಣಿದರೆ ಅದರ ತೇವ ಹನಿಯಾಗುತ್ತದೆ. ನೆಲದಿಂದ ಏರುವ ಗಾಳಿಯಲ್ಲಿ ಈ ಎರಡರ ಅಂತರ ಪ್ರತಿ 1,000 ಅಡಿಗೆ ಸುಮಾರು 2.5 ಡಿಗ್ರಿಯಂತೆ ಮುಚ್ಚಿಕೊಳ್ಳುತ್ತ ಹೋಗುತ್ತದೆ. ಅಂದರೆ ಅಂತರದ ಪ್ರತಿ ಡಿಗ್ರಿಗೆ 400 ಅಡಿ. ಇಲ್ಲಿ 4 × 400 = 1,600 ಅಡಿ: ಹತ್ತಿಯುಂಡೆಯಂಥ ಮೋಡದ ತಳ ಇದರ ಆಸುಪಾಸಿನಲ್ಲಿರಬೇಕು. ವರದಿ 1,800 ಅನ್ನುತ್ತಿದೆ, ಹೊಂದುತ್ತದೆ. ಎರಡೂ ತೀರಾ ಬೇರೆಯಾದರೆ ಅದು ಬೇರೆ ಬಗೆಯ ಮೋಡ ಅಥವಾ ವರದಿ ಹಳೆಯದು. ಸಂಜೆ ಆಕಾಶ ತಿಳಿಯಾಗಿದ್ದು, ಗಾಳಿ ನಿಂತು, ಅಂತರ 3 ಡಿಗ್ರಿಗಿಂತ ಕೆಳಗೆ ಬರುತ್ತಿದ್ದರೆ ಮಂಜು ಕವಿಯಬಹುದು ಅಂತಲೇ ಎಣಿಸಿ, ಮಂಜು ಬೀಳದ ಪರ್ಯಾಯ ನಿಲ್ದಾಣ ಆರಿಸಿಟ್ಟುಕೊಳ್ಳಿ.

ಎಡವುವ ಜಾಗಗಳು:

- ಮೆಟಾರ್‌ನ ಮೋಡದ ಎತ್ತರ ನಿಲ್ದಾಣದ ನೆಲದಿಂದ ಅಳೆದದ್ದು, ನಕ್ಷೆಯ ಗುಡ್ಡ ಸಮುದ್ರಮಟ್ಟದಿಂದ ಅಳೆದದ್ದು. ನಿಲ್ದಾಣ 2,000 ಅಡಿಯಲ್ಲಿದ್ದು ಬಿಕೆಎನ್ 030 ಇದ್ದರೆ ಮೋಡದ ತಳ ಸಮುದ್ರಮಟ್ಟದಿಂದ 5,000 ಅಡಿ. ದಾರಿಯಲ್ಲಿ 4,200 ಅಡಿಯ ಗುಡ್ಡಸಾಲು ಇದ್ದರೆ ನಡುವೆ ಉಳಿಯುವುದು 800 ಅಡಿ. ಮೋಡದಿಂದ ಬಿಡಬೇಕಾದ ಅಂತರಕ್ಕೇ ಅದು ಸಾಲದು. ಎರಡೂ ನಿಲ್ದಾಣದಲ್ಲಿ ಹವೆ ಚೆನ್ನಾಗಿದೆ, ಆದರೂ ದಾರಿ ಮುಚ್ಚಿದೆ.
- ಮೆಟಾರ್‌ನ ಗಾಳಿಯ ದಿಕ್ಕು ನಿಜ ಉತ್ತರದಿಂದ. ಟವರ್ ಹೇಳುವುದು ಕಾಂತೀಯ ಉತ್ತರದಿಂದ. ಓದಿದ್ದು ನಿಜ, ಕೇಳಿದ್ದು ಕಾಂತ ಅಂತ ನೆನಪಿಟ್ಟುಕೊಳ್ಳಿ.
- 'ಕ್ಯಾವೋಕೆ' ಅಂದರೆ ಗೋಚರತೆ 10 ಕಿ.ಮೀ. ಅಥವಾ ಹೆಚ್ಚು, 5,000 ಅಡಿ ಕೆಳಗೆ ಮೋಡವಿಲ್ಲ, ಗುಡುಗುಮೋಡವಿಲ್ಲ, ಮಳೆಯಿಲ್ಲ ಅಂತ. ಗಾಳಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. 30 ನಾಟ್ ಬೀಸುತ್ತಿದ್ದರೂ ಕ್ಯಾವೋಕೆಯೇ.

ಟಾಫ್ ಮುನ್ಸೂಚನೆ, ಅದೂ ನಿಲ್ದಾಣದ ಸುತ್ತಲಿನ ಸಣ್ಣ ವಲಯಕ್ಕೆ ಮಾತ್ರ. ಎರಡು ನಿಲ್ದಾಣಗಳ ನಡುವಿನ ಕಣಿವೆಯ ಬಗ್ಗೆ ಅದಕ್ಕೆ ಗೊತ್ತಿಲ್ಲ. ಅದರಲ್ಲಿ 'ಟೆಂಪೋ' ಅಂತ ಇದ್ದರೆ ಆ ಸ್ಥಿತಿ ಬಂದು ಹೋಗುತ್ತಿರುತ್ತದೆ, ಒಂದೊಂದು ಸಲವೂ ಒಂದು ಗಂಟೆಗಿಂತ ಕಡಿಮೆ. 'ಪ್ರಾಬ್ 30' ಅಂದರೆ ನೂರಕ್ಕೆ ಮೂವತ್ತು ಸಾಧ್ಯತೆ. ತುಂಬಾ ಜನ ಇವೆರಡನ್ನೂ ಕಣ್ಣಾಡಿಸಿ ದಾಟುತ್ತಾರೆ. ನೀವು ತಲುಪುವ ಹೊತ್ತಿಗೆ ಸರಿಯಾಗಿ ಅದೇ ಬಂದಿರುತ್ತದೆ ಅಂತ ಇಟ್ಟುಕೊಂಡು ಯೋಜಿಸಿ. ಆಗಲೂ ನಿಮ್ಮ ಗೆರೆಯೊಳಗೆ ಬರುತ್ತಿದ್ದರೆ ಮಾತ್ರ ಮುಂದಿನ ಹಂತ. ಸಿಗ್ಮೆಟ್ ಅಂದರೆ ಗುಡುಗು, ತೀವ್ರ ಕುಲುಕಾಟ, ತೀವ್ರ ಹಿಮಗಟ್ಟುವಿಕೆ ಮುಂತಾದವುಗಳ ಎಚ್ಚರಿಕೆ. ಅದು ನಿಮ್ಮ ದಾರಿಯ ಮೇಲಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು.

3. ಗಾಳಿ, ಸೆಕೆ, ಇಂಧನ

ಅಡ್ಡಗಾಳಿಗೆ ಗಡಿಯಾರದ ಲೆಕ್ಕ ಸಾಕು. ಗಾಳಿಗೂ ರನ್‌ವೇಗೂ ನಡುವಿನ ಕೋನವನ್ನು ನಿಮಿಷ ಅಂದುಕೊಳ್ಳಿ: 15 ಆದರೆ ಕಾಲು ಪಾಲು, 30 ಆದರೆ ಅರ್ಧ, 45 ಆದರೆ ಮುಕ್ಕಾಲು, 60 ಮತ್ತು ಮೇಲೆ ಪೂರ್ತಿ. ಕೋನ 40 ಡಿಗ್ರಿ, ಗಾಳಿ 12, ಗಸ್ಟ್ 22 ಆದರೆ ಮೂರರಲ್ಲಿ ಎರಡು ಪಾಲು. 12ಕ್ಕೆ 8 ಬರುತ್ತದೆ, ಮನಸ್ಸಿಗೆ ಸಮಾಧಾನ. 22ಕ್ಕೆ ಸುಮಾರು 15 ಬರುತ್ತದೆ. ಚಕ್ರ ನೆಲ ಮುಟ್ಟುವ ಗಳಿಗೆಯಲ್ಲಿ ಎರಡರಲ್ಲಿ ಯಾವುದು ಬೀಸುತ್ತದೋ ಹೇಳಲಾಗದು, ಆದ್ದರಿಂದ ಗಸ್ಟ್‌ಗೇ ಲೆಕ್ಕ ಹಾಕಿ.

ಸೆಕೆಯ ದಿನ ವಿಮಾನ ತಾನಿರುವ ಎತ್ತರವನ್ನು ತಪ್ಪು ತಿಳಿಯುತ್ತದೆ. ಬಿಸಿ ಗಾಳಿ ತೆಳು, ಎಂಜಿನ್‌ಗೂ ರೆಕ್ಕೆಗೂ ಪ್ರೊಪೆಲ್ಲರ್‌ಗೂ ಸಿಗುವುದು ಕಡಿಮೆ. ಇದನ್ನು ಅಳೆಯುವ ಸಂಖ್ಯೆಗೆ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ, ಪ್ರತಿ 1,000 ಅಡಿಗೆ 2 ಡಿಗ್ರಿ ಇಳಿಕೆ. ಅದಕ್ಕಿಂತ ಹೆಚ್ಚಿರುವ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿ. ನಿಲ್ದಾಣದ ಒತ್ತಡ ಎತ್ತರ (ಆಲ್ಟಿಮೀಟರ್‌ನಲ್ಲಿ 1013 ಕೂರಿಸಿದಾಗ ತೋರುವ ಎತ್ತರ) 3,000 ಅಡಿ, ಉಷ್ಣಾಂಶ 35 ಆದರೆ: ಇರಬೇಕಾದದ್ದು 9, ಹೆಚ್ಚಳ 26, 26 × 120 = 3,120. ನಿಮ್ಮ ವಿಮಾನ 6,100 ಅಡಿಯ ನಿಲ್ದಾಣದಿಂದ ಏಳುವಂತೆ ಏಳುತ್ತದೆ. ಕೈಪಿಡಿಯ ಟೇಕಾಫ್ ಪಟ್ಟಿಯನ್ನು ಈ ಸ್ಥಿತಿಗೇ ನೋಡಿ, ಹುಲ್ಲು ಅಥವಾ ಒದ್ದೆ ರನ್‌ವೇಗೆ ಇನ್ನೂ ಸೇರಿಸಿ. ರನ್‌ವೇಯ ನಡುಭಾಗದಲ್ಲಿ ಒಂದು ಗುರುತು ನೋಡಿಟ್ಟುಕೊಳ್ಳಿ. ಅಲ್ಲಿಗೆ ಬರುವಷ್ಟರಲ್ಲಿ ಮೇಲೇಳುವ ವೇಗದ 70 ಪ್ರತಿಶತ ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಿ.

ಇಂಧನವನ್ನು ನಿಮಿಷದಲ್ಲಿ ಎಣಿಸಿ. 150 ನಾಟಿಕಲ್ ಮೈಲಿಗೆ 100 ನಾಟ್‌ನಲ್ಲಿ ಒಂದೂವರೆ ಗಂಟೆ. 25 ನಾಟ್ ಎದುರುಗಾಳಿ ಬಂದರೆ ಎರಡು ಗಂಟೆ. ಮೋಡ ಸುತ್ತಿ ಹೋಗಲು, ಹಿಂದಿರುಗಲು ಬೇಕಾಗುವ ಸ್ವಾತಂತ್ರ್ಯವೆಲ್ಲ ಟ್ಯಾಂಕ್‌ನಲ್ಲಿರುತ್ತದೆ.

4. ಹೊರಡುವ ಮುಂಚೆ ಹತ್ತು ನಿಮಿಷ ಹೊರಗೆ ನಿಲ್ಲಿ

ಫೋನ್ ಜೇಬಿಗೆ ಹಾಕಿ ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ. ಒಂದು ಹತ್ತಿಮೋಡ ಆರಿಸಿ ಹತ್ತು ನಿಮಿಷ ಅದನ್ನೇ ಗಮನಿಸಿ. ಅಗಲಕ್ಕಿಂತ ಎತ್ತರ ಹೆಚ್ಚಾಗುತ್ತಿದೆಯೇ? ತಲೆ ಹೂಕೋಸಿನ ಹಾಗೆ ಗಟ್ಟಿ ಅಂಚಿನಿಂದ ಉಕ್ಕುತ್ತಿದೆಯೇ, ತಳ ಕಪ್ಪಾಗುತ್ತಿದೆಯೇ? ಬೆಳಗ್ಗೆ ಹತ್ತಕ್ಕೇ ಹೀಗಿದ್ದರೆ ಮಧ್ಯಾಹ್ನ ಗುಡುಗು ಬರುವ ಸಂಭವ ಹೆಚ್ಚು. ಮೋಡದ ಕೆಳಗೆ ಮಳೆಯ ತೆರೆ ಇಳಿದು ನೆಲ ಮುಟ್ಟುವ ಮೊದಲೇ ಮಾಯವಾಗುತ್ತಿದ್ದರೆ ಅದರಡಿ ಹೋಗಬೇಡಿ. ಆವಿಯಾಗುವ ಮಳೆ ಗಾಳಿಯನ್ನು ತಣಿಸುತ್ತದೆ, ತಣಿದ ಗಾಳಿ ಭಾರವಾಗಿ ಕೆಳಕ್ಕೆ ಬೀಳುತ್ತದೆ.

ಚಳಿಯ ಬೆಳಗಿನಲ್ಲಿ ರೆಕ್ಕೆಯ ಮೇಲೆ ಕೈಯಾಡಿಸಿ. ಉಪ್ಪುಕಾಗದದ ತರಿಯಷ್ಟು ಹಿಮ ಕೂತಿದ್ದರೂ ಎತ್ತುವ ಬಲ 30 ಪ್ರತಿಶತದವರೆಗೆ ಕುಸಿಯಬಲ್ಲದು, ಎಳೆತ 40 ಪ್ರತಿಶತ ಏರಬಲ್ಲದು. "ಓಡುವಾಗ ಹಾರಿಹೋಗುತ್ತದೆ" ಅನ್ನುವ ಮಾತನ್ನು ನಂಬಬೇಡಿ. ಪೂರ್ತಿ ತೆಗೆಯಿರಿ, ಇಲ್ಲವೇ ಬಿಸಿಲಿಗೆ ಕಾಯಿರಿ.

5. ಹಾರಾಟದಲ್ಲಿ: ಮುನ್ಸೂಚನೆ ಮಾತು ಉಳಿಸಿಕೊಳ್ಳುತ್ತಿದೆಯೇ?

ಪ್ರತಿ 15 ನಿಮಿಷಕ್ಕೆ ಮೂರು ಸಂಗತಿ ಬರೆಯಿರಿ: ನೆಲವೇಗ, ಮೋಡದ ತಳ, ಗೋಚರತೆ. ಯೋಜನೆಯಲ್ಲಿ ಬರೆದದ್ದರ ಪಕ್ಕದಲ್ಲೇ ಬರೆಯಿರಿ. ನೆಲವೇಗ 15 ನಾಟ್ ಕಡಿಮೆ ಬಂದರೆ ಇಂಧನ ಮಾತ್ರ ಅಲ್ಲ, ಇಡೀ ಹವೆಯೇ ನೀವು ಓದಿದ್ದಕ್ಕಿಂತ ಬೇರೆಯಾಗಿದೆ ಎಂದರ್ಥ. ದಾರಿಯ ನಿಲ್ದಾಣಗಳ ಹೊಸ ವರದಿ ರೇಡಿಯೋದಲ್ಲಿ ಕೇಳಿ.

ಗೋಚರತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಕಣ್ಣು ಮಸುಕಿಗೆ ಬೇಗ ಒಗ್ಗಿಹೋಗುತ್ತದೆ. ಕಾಣುವ ಅಂಚಿನಲ್ಲಿ ಒಂದು ಕೆರೆಯನ್ನೋ ಗೋಪುರವನ್ನೋ ಹಿಡಿದು ಸ್ಟಾಪ್‌ವಾಚ್ ಒತ್ತಿ. ನೆಲವೇಗ 90 ನಾಟ್ ಇದ್ದರೆ ನಿಮಿಷಕ್ಕೆ 2.8 ಕಿ.ಮೀ. ಆ ಗುರುತು 1 ನಿಮಿಷ 48 ಸೆಕೆಂಡಿನೊಳಗೆ ರೆಕ್ಕೆಯಡಿ ಬಂದರೆ ಗೋಚರತೆ 5 ಕಿ.ಮೀ.ಗಿಂತ ಕಡಿಮೆ.

ಟ್ಯಾಬ್ಲೆಟ್‌ನಲ್ಲಿ ಬರುವ ರಾಡಾರ್ ಚಿತ್ರವನ್ನು ದೊಡ್ಡ ಸುತ್ತು ಯೋಜಿಸಲು ಮಾತ್ರ ಬಳಸಿ. ಚಿತ್ರ ಕೂಡಿಸಿ ಕಳಿಸುವಷ್ಟರಲ್ಲಿ, ಪರದೆಯ ಮೇಲೆ ತೋರುವ ಸಮಯಕ್ಕಿಂತಲೂ ಅದು 15–20 ನಿಮಿಷ ಹಳೆಯದಾಗಿರಬಹುದು. ಎರಡು ಕೆಂಪು ಮಚ್ಚೆಗಳ ನಡುವಿನ ಹಸಿರು ಓಣಿ ನೀವು ಹೋಗುವಷ್ಟರಲ್ಲಿ ಮುಚ್ಚಿಹೋಗಿರುತ್ತದೆ.

ಕಾರ್ಬ್ಯುರೇಟರ್ (ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಎಂಜಿನ್ ಆದರೆ ಇನ್ನೊಂದು ಕಣ್ಣು ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕದ ಮೇಲಿರಲಿ. ಇಂಧನ ಆವಿಯಾಗುವಾಗ ಕಾರ್ಬ್ಯುರೇಟರ್‌ನೊಳಗೆ ಉಷ್ಣಾಂಶ 30 ಡಿಗ್ರಿಗೂ ಮೀರಿ ಇಳಿಯಬಲ್ಲದು. ಆದ್ದರಿಂದ ಹೊರಗೆ 20 ಡಿಗ್ರಿ ಇದ್ದು ಗಾಳಿ ತೇವವಾಗಿದ್ದರೂ ಒಳಗೆ ಹಿಮ ಕಟ್ಟುತ್ತದೆ. ಥ್ರಾಟಲ್ ಮುಟ್ಟದೆ ಆರ್‌ಪಿಎಂ ನಿಧಾನಕ್ಕೆ ಇಳಿದರೆ ಅದೇ ಸುಳಿವು. ಕಾರ್ಬ್ಯುರೇಟರ್‌ಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆಯಿರಿ. ಆರ್‌ಪಿಎಂ ಇನ್ನೂ ಇಳಿಯುತ್ತದೆ, ಕರಗಿದ ನೀರು ನುಂಗುವಾಗ ಎಂಜಿನ್ ಕೆಮ್ಮುತ್ತದೆ. ಇಲ್ಲೇ ಗಾಬರಿಬಿದ್ದು ಹೀಟ್ ಒಳಗೆ ತಳ್ಳಿಬಿಡುವುದು ದೊಡ್ಡ ತಪ್ಪು. ಸದ್ದು ಸಮವಾಗುವ ತನಕ ಹಾಗೇ ಬಿಡಿ.

6. ತಿರುಗುವ ಗಳಿಗೆ

ಮೋಡ ಕೆಳಗಿಳಿಯುತ್ತ ಬಂದಂತೆ ಪೈಲಟ್ ಕೂಡ ಇನ್ನೂರು, ಮುನ್ನೂರು ಅಡಿಯಂತೆ ಇಳಿಯುತ್ತ ಹೋಗುತ್ತಾನೆ. ಪ್ರತಿ ಸಲವೂ ಇಳಿದದ್ದು ಸ್ವಲ್ಪವೇ. ಅದಕ್ಕೇ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ನಮ್ಮ ಸಲಹೆ: ಮೋಡ ತಪ್ಪಿಸಲು ಮೊದಲ ಸಲ ಇಳಿದಾಗ ಪರ್ಯಾಯ ನಿಲ್ದಾಣದ ದಿಕ್ಕು ಮತ್ತು ದೂರ ಬರೆದುಕೊಳ್ಳಿ. ಎರಡನೇ ಸಲ ಇಳಿಯಬೇಕಾಗಿ ಬಂದರೆ ಇಳಿಯದೆ ತಿರುಗಿ. ದಿಗಂತದ ಗೆರೆ ಕರಗಿ ಆಕಾಶ, ನೆಲ ಒಂದೇ ಬೂದಿಯಾದರೆ ಎರಡನೇ ಸಲಕ್ಕೂ ಕಾಯಬೇಡಿ. ರಾತ್ರಿ ಹೊತ್ತಿನಲ್ಲಿ ಮೋಡ ಕಾಣುವುದಿಲ್ಲ. ಮುಂದಿನ ಊರಿನ ದೀಪಗಳು ಒಂದೊಂದಾಗಿ ಮಾಯವಾಗುವುದೇ ಮೋಡ.

ಹಿಂದೆ ಬಿಟ್ಟುಬಂದ ಹವೆ ಹೇಗಿತ್ತೆಂದು ನಿಮಗೆ ಗೊತ್ತು, ಮುಂದಿನದು ಗೊತ್ತಿಲ್ಲ. ತಿರುಗಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಅಷ್ಟಾಗಿಯೂ ಮೋಡದೊಳಗೆ ಹೋಗಿಬಿಟ್ಟರೆ? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಉಪಕರಣ ನೋಡಿ ಹಾರಿಸುವ ತರಬೇತಿಯಿಲ್ಲದ 20 ಮಂದಿಯ ಮೇಲೆ ಪ್ರಯೋಗ ನಡೆಯಿತು. ಹೊರಗಿನದೇನೂ ಕಾಣದಂತೆ ಮಾಡಿದಾಗ ಇಪ್ಪತ್ತೂ ಜನ ನಿಯಂತ್ರಣ ಕಳೆದುಕೊಂಡರು. ಸರಾಸರಿ 178 ಸೆಕೆಂಡಿನಲ್ಲಿ. 19 ಮಂದಿ ಬಿದ್ದದ್ದು ಸುರುಳಿಗೆ, ಅಂದರೆ ವಿಮಾನ ವಾಲಿಕೊಂಡು ಸುತ್ತುತ್ತ ಕೆಳಗಿಳಿಯುವ ಸ್ಥಿತಿಗೆ. ಕಾರಣ ಒಳಗಿವಿ: ನಿಧಾನಕ್ಕೆ ವಾಲಿದ್ದನ್ನು ಅದು ನೇರ ಅಂತಲೇ ಹೇಳುತ್ತದೆ. ಮೂಗು ಇಳಿದು ವೇಗ ಏರಿದಾಗ ಪೈಲಟ್ ಯೋಕ್ (ವಿಮಾನ ನಡೆಸುವ ಹಿಡಿ) ಎಳೆಯುತ್ತಾನೆ, ವಾಲಿರುವ ವಿಮಾನದಲ್ಲಿ ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ.

ಮಾಡಬೇಕಾದ್ದು, ಇದೇ ಕ್ರಮದಲ್ಲಿ:

1. ಕಣ್ಣು ಒಳಗೆ, ವಿಮಾನದ ವಾಲಿಕೆ ತೋರಿಸುವ ಆಟಿಟ್ಯೂಡ್ ಇಂಡಿಕೇಟರ್ ಮೇಲೆ. ಹೊರಗೆ ಮತ್ತೆ ಮತ್ತೆ ಇಣುಕಬೇಡಿ.
2. ಮೊದಲು ರೆಕ್ಕೆ ಸಮ ಮಾಡಿ. ಹತ್ತು ಸೆಕೆಂಡು ಬೇರೇನೂ ಬೇಡ. ಆಟೋಪೈಲಟ್ ಇದ್ದರೆ ಹಾಕಿ.
3. ಪವರ್, ಟ್ರಿಮ್ (ಮೂಗನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಹೊಂದಿಕೆ) ಇದ್ದ ಹಾಗೇ ಇರಲಿ. ಹತ್ತಿರ ಗುಡ್ಡವಿದ್ದರೆ ಮಾತ್ರ ಏರುವ ಪವರ್ ಕೊಟ್ಟು ನೇರವಾಗಿ ಏರಿ.
4. ಈಗಿನ ದಿಕ್ಕಿಗೆ 180 ಕೂಡಿ ಅಥವಾ ಕಳೆದು ಬಾಯಿಬಿಟ್ಟು ಹೇಳಿ. ಸುಮಾರು 15 ಡಿಗ್ರಿ ವಾಲಿಸಿ ತಿರುಗಿ. 100 ನಾಟ್ ಆಸುಪಾಸಿನಲ್ಲಿ ಇದು ಸೆಕೆಂಡಿಗೆ 3 ಡಿಗ್ರಿ, ಅರ್ಧ ಸುತ್ತಿಗೆ ಒಂದು ನಿಮಿಷ. ಆ ನಿಮಿಷ ತುಂಬಾ ಉದ್ದ ಅನ್ನಿಸುತ್ತದೆ, ಅವಸರಕ್ಕೆ ಹೆಚ್ಚು ವಾಲಿಸಬೇಡಿ.
5. ನೇರವಾದ ಮೇಲೆ ರೇಡಿಯೋ. ಇದ್ದ ಫ್ರೀಕ್ವೆನ್ಸಿಯಲ್ಲಿ ಯಾರೂ ಸಿಗದಿದ್ದರೆ ತುರ್ತು ಫ್ರೀಕ್ವೆನ್ಸಿ 121.5, ರಾಡಾರ್‌ಗೆ ಸಂಕೇತ ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700. "ವಿಎಫ್‌ಆರ್ ಪೈಲಟ್, ಮೋಡದೊಳಗಿದ್ದೇನೆ" ಅಂತ ನೇರವಾಗಿ ಹೇಳಿ. ಲೈಸೆನ್ಸ್‌ಗೆ ಏನಾದೀತು ಅನ್ನುವ ಚಿಂತೆಗೆ ಇದು ಹೊತ್ತಲ್ಲ.

ವೇಗ ಏರುತ್ತ ಎತ್ತರ ಬೀಳುತ್ತಿದ್ದರೆ ಸುರುಳಿ ಶುರುವಾಗಿದೆ: ಪವರ್ ಇಳಿಸಿ, ರೆಕ್ಕೆ ಸಮ ಮಾಡಿ, ಆಮೇಲೆ ಮೆಲ್ಲಗೆ ಎಳೆಯಿರಿ. ಈ ಕ್ರಮ ತಪ್ಪಬಾರದು. ವರ್ಷಕ್ಕೊಮ್ಮೆಯಾದರೂ ಬೋಧಕರ ಜೊತೆ, ಕಣ್ಣಿಗೆ ಮರೆ ಹಾಕಿಕೊಂಡು ಇದನ್ನು ಅಭ್ಯಾಸ ಮಾಡಿ; ಓದಿ ಬರುವ ವಿದ್ಯೆ ಇದಲ್ಲ.

7. ಗುಡುಗುಮೋಡ

ಕನಿಷ್ಠ 20 ನಾಟಿಕಲ್ ಮೈಲಿ, ಅಂದರೆ 37 ಕಿ.ಮೀ. ದೂರ. ಎರಡು ಗುಡುಗುಮೋಡಗಳ ನಡುವೆ ನುಸುಳಬೇಕಾದರೆ 40 ನಾಟಿಕಲ್ ಮೈಲಿ ಬೇಕು. ಆಚೆ ಬದಿ ಬೆಳಕು ಕಾಣುತ್ತಿದೆ ಅಂತ ಅಡಿಯಲ್ಲಿ ಹೋಗಬೇಡಿ. ಮೈಕ್ರೋಬರ್ಸ್ಟ್ ಅಂದರೆ ಮೋಡದಿಂದ ದಬಕ್ಕನೆ ಬಿದ್ದು ನೆಲಕ್ಕೆ ಬಡಿದು ಸುತ್ತ ಹರಡುವ ಗಾಳಿ. ನಿಮಿಷಕ್ಕೆ 6,000 ಅಡಿಯವರೆಗೂ ಕೆಳಕ್ಕೆ ತಳ್ಳಬಲ್ಲದು; ಸಣ್ಣ ವಿಮಾನ ಏರುವುದು ಹೆಚ್ಚೆಂದರೆ ಏಳೆಂಟು ನೂರು. ಅದು ಮೊದಲು ಎದುರುಗಾಳಿಯಾಗಿ ಬರುತ್ತದೆ, ವೇಗ ಏರುತ್ತದೆ, ಪೈಲಟ್ ಪವರ್ ಇಳಿಸುತ್ತಾನೆ. ಮರುಕ್ಷಣ ಕೆಳಗಾಳಿ, ಅದರ ಬೆನ್ನಿಗೇ ಹಿಂಗಾಳಿ. ಬಹುತೇಕ ಹದಿನೈದು ನಿಮಿಷದೊಳಗೆ ಮುಗಿದುಹೋಗುತ್ತದೆ. ಹಾಗಾಗಿ ನಿಲ್ದಾಣದತ್ತ ಗುಡುಗು ಬರುತ್ತಿದ್ದರೆ ಟೇಕಾಫೂ ಬೇಡ, ಲ್ಯಾಂಡಿಂಗೂ ಬೇಡ, ಅದು ದಾಟಲಿ.

ಜೋರು ಕುಲುಕಾಟಕ್ಕೆ ಸಿಕ್ಕಿದರೆ ವೇಗವನ್ನು ಮನೂವರಿಂಗ್ ಸ್ಪೀಡ್‌ಗೆ (ಕುಲುಕಾಟದ ಹೊರೆಗೆ ವಿಮಾನ ಮುರಿಯದಂತೆ ಕೈಪಿಡಿ ಕೊಟ್ಟಿರುವ ವೇಗ) ಇಳಿಸಿ, ರೆಕ್ಕೆ ಸಮ ಇಟ್ಟುಕೊಳ್ಳಿ, ಎತ್ತರ ಏರಿಳಿದರೆ ಏರಿಳಿಯಲಿ. ನೆನಪಿರಲಿ, ಈ ವೇಗ ಭಾರದೊಂದಿಗೆ ಬದಲಾಗುತ್ತದೆ: 1,150 ಕೆ.ಜಿ.ಯಲ್ಲಿ 105 ನಾಟ್ ಇದ್ದರೆ ಅದೇ ವಿಮಾನಕ್ಕೆ 900 ಕೆ.ಜಿ.ಯಲ್ಲಿ ಸುಮಾರು 93. ಹಗುರವಾಗಿದ್ದಾಗ ಇನ್ನೂ ನಿಧಾನಕ್ಕೆ ಹೋಗಬೇಕು, ಜನ ತಲೆಕೆಳಗಾಗಿ ತಿಳಿದಿರುತ್ತಾರೆ.

8. ಇಳಿಯುವಾಗ, ಇಳಿದ ಮೇಲೆ

ಗಸ್ಟ್ ಇದ್ದರೆ ಅಂತರದ ಅರ್ಧವನ್ನು ಅಪ್ರೋಚ್ ವೇಗಕ್ಕೆ ಸೇರಿಸಿ: 12ಕ್ಕೂ 22ಕ್ಕೂ ಅಂತರ 10, ಸೇರಿಸಬೇಕಾದ್ದು 5 ನಾಟ್. ಅದಕ್ಕಿಂತ ಹೆಚ್ಚು ಸೇರಿಸಿದರೆ ರನ್‌ವೇ ಸಾಲದೆ ಹೋಗುತ್ತದೆ. ಗಾಜಿನ ಮೇಲೆ ಮಳೆ ಇದ್ದಾಗ ನೀವು ಇರುವುದಕ್ಕಿಂತ ಮೇಲಿದ್ದೀರಿ ಅನ್ನಿಸುತ್ತದೆ, ಧೂಳುಮಂಜಿನಲ್ಲಿ ರನ್‌ವೇ ಇರುವುದಕ್ಕಿಂತ ದೂರ ಅನ್ನಿಸುತ್ತದೆ. ಎರಡೂ ನಿಮ್ಮನ್ನು ತಗ್ಗಿಗೆ ಇಳಿಸುವ ಮೋಸಗಳೇ, ಆದ್ದರಿಂದ ಇಳಿಜಾರು ತೋರಿಸುವ ದೀಪಗಳಿದ್ದರೆ ಅವನ್ನೇ ನಂಬಿ. ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ) ವೇಗ 15 ನಾಟ್ ಅಥವಾ ಇಳಿತ ನಿಮಿಷಕ್ಕೆ 500 ಅಡಿ ತಾನಾಗಿ ಜಿಗಿದರೆ ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲೇರಿ.

ಚಕ್ರ ನೆಲ ಮುಟ್ಟಿದರೂ ಗಾಳಿ ಬಿಡುವುದಿಲ್ಲ. ಟ್ಯಾಕ್ಸಿ ಮಾಡುವಾಗ ಗಾಳಿ ಮುಂದಿನ ಮೂಲೆಯಿಂದ ಬರುತ್ತಿದ್ದರೆ ಯೋಕ್ ಅದರತ್ತ ತಿರುಗಿಸಿ. ಹಿಂದಿನ ಮೂಲೆಯಿಂದ ಬರುತ್ತಿದ್ದರೆ ಅದರಿಂದ ಆಚೆಗೆ ತಿರುಗಿಸಿ ಮುಂದಕ್ಕೆ ತಳ್ಳಿ. ಬಯಲಲ್ಲಿ ನಿಲ್ಲಿಸುವುದಾದರೆ ಮೂಗು ಗಾಳಿಯತ್ತ ಇರಲಿ, ಕಂಟ್ರೋಲ್ ಲಾಕ್ ಹಾಕಿ, ಎರಡು ರೆಕ್ಕೆ ಮತ್ತು ಬಾಲ ಕಟ್ಟಿ. ಹಗ್ಗ ಒಂದು ಇಂಚಿನಷ್ಟು ಸಡಿಲ ಬಿಡಿ. ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ, ಬಿಗಿದು ಕಟ್ಟಿದ್ದರೆ ರಾತ್ರಿಯ ಮಳೆಯಲ್ಲಿ ಅದೇ ರೆಕ್ಕೆಯನ್ನು ಎಳೆಯುತ್ತ ನಿಲ್ಲುತ್ತದೆ.